ಅಳಿಲಿನ ದಾರಿ ಉಳಿಸುವ ಬಗೆ: ಉತ್ತರ ಕನ್ನಡದ ಬೆಟ್ಟ, ತೋಟ, ಕರಾವಳಿಗೆ ನುಗ್ಗಿದ ಹೊರಗಿನ ಪ್ರಭೇದಗಳ ನಿಯಂತ್ರಣಕ್ಕೆ ಸಮಗ್ರ ಮಾರ್ಗದರ್ಶಿ

ಕೆಂಜಳಿಲು, ಅಂದರೆ ಮಲಬಾರ್ ದೈತ್ಯ ಅಳಿಲು, ಸುಲಭಕ್ಕೆ ನೆಲಕ್ಕಿಳಿಯುವ ಪ್ರಾಣಿಯಲ್ಲ. ಅದರ ಊಟ, ನಿದ್ದೆ, ಬಾಣಂತನ ಎಲ್ಲವೂ ಮರದ ಮೇಲೆಯೇ ನಡೆಯುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಸುಮಾರು 6 ಮೀಟರ್, ಅಂದರೆ 20 ಅಡಿಯಷ್ಟು ದೂರವನ್ನು ಅದು ಜಿಗಿದೇ ದಾಟುತ್ತದೆ. ಹಾಗಿದ್ದೂ ಶಿರಸಿ ಸೀಮೆಯ ನಮ್ಮ ಸೊಪ್ಪಿನಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ, ಅಂಚಿನಲ್ಲಿ ಒಂದು ಬೆಳಿಗ್ಗೆ ಕೆಂಜಳಿಲೊಂದು ಮತ್ತಿಮರದಿಂದ ಇಳಿದು, ಲಂಟಾನದ ಮೆಳೆಯ ಬುಡದಲ್ಲಿ ನುಸುಳಿ, ಆಚೆಯ ಹಲಸಿನ ಮರದತ್ತ ಓಡಿದ್ದನ್ನೂ ನಮ್ಮದೇ ಮನೆಯ ನಾಯಿ ಅದನ್ನು ಅಟ್ಟಿಸಿಕೊಂಡು ಹೋದದ್ದನ್ನೂ ಕಂಡೆ. ಅಳಿಲು ಬದುಕಿಕೊಂಡಿತು, ನಾಯಿಯ ಬಾಯಲ್ಲಿ ಬಾಲದ ಒಂದು ಹಿಡಿ ಕೂದಲು ಮಾತ್ರ ಉಳಿದಿತ್ತು. ಆ ಎರಡು ಮರಗಳ ನಡುವೆ ಹಿಂದೆ ಒಂದು ನಂದಿಮರವಿತ್ತು. ಅದು ಗಾಳಿಗೆ ಬಿದ್ದ ಮೇಲೆ ಅಲ್ಲಿ ಬಿದ್ದ ಬೀಜಗಳೆಲ್ಲ ಲಂಟಾನದ ದಟ್ಟ ನೆರಳಿನಡಿ ಮೊಳೆತು ಅಲ್ಲಿಯೇ ಸತ್ತಿದ್ದವು, ಹಾಗಾಗಿ ಬಿದ್ದ ಮರದ ಜಾಗಕ್ಕೆ ಇನ್ನೊಂದು ಮರ ಬರಲೇ ಇಲ್ಲ.

ಹೊರಗಿನ ಪ್ರಭೇದಗಳು ನಮ್ಮ ಅಳಿಲಿಗೆ ಮಾಡುವ ಕೇಡು ಹೆಚ್ಚಾಗಿ ಹೀಗೆ ಸುತ್ತುದಾರಿಯದ್ದು. ಬ್ರಿಟನ್ನಿನ ಕಥೆ ಬೇರೆ: 1876ರಿಂದಾಚೆಗೆ ಅಮೆರಿಕದಿಂದ ತಂದು ಬಿಟ್ಟ ಬೂದು ಅಳಿಲು ಅಲ್ಲಿನ ಕೆಂಪು ಅಳಿಲಿನ ಆಹಾರಕ್ಕೂ ನೆಲೆಗೂ ಪಾಲುಗಾರನಾಗಿ ಬಂದುದಲ್ಲದೆ, ತನಗೆ ಅಷ್ಟಾಗಿ ಬಾಧಿಸದ ಸಿಡುಬಿನಂಥ ವೈರಾಣುವೊಂದನ್ನು ಅದಕ್ಕೆ ದಾಟಿಸಿ ಬಹುಭಾಗದಲ್ಲಿ ಅದನ್ನು ಅಳಿಸಿಹಾಕಿತು. ನಮ್ಮಲ್ಲಿ ಅಂಥ ಪರದೇಶಿ ಅಳಿಲಿಲ್ಲ. ವಿಚಿತ್ರವೆಂದರೆ ನಮ್ಮ ದೇಶದ ಐದು ಗೆರೆಯ ಅಳಿಲೇ 1898ರಲ್ಲಿ ಆಸ್ಟ್ರೇಲಿಯದ ಪರ್ತ್ ಮೃಗಾಲಯದಿಂದ ಹೊರಬಿದ್ದು ಆ ಊರಿನಲ್ಲಿ ಹೊರಗಿನ ಪ್ರಾಣಿಯೆನಿಸಿಕೊಂಡಿದೆ. ಉತ್ತರ ಕನ್ನಡದಲ್ಲಿ ಕೆಲಸ ಶುರುವಾಗಬೇಕಾದದ್ದು ನೆಲದ ಮೇಲಿನ ಗಿಡಬಳ್ಳಿಗಳಿಂದ. ನಾಯಿ, ಮೀನು, ಬಸವನಹುಳುಗಳ ಸರದಿ ಆಮೇಲಿನದು.

ಮೊದಲ ಹಂತ: ಯಾರು ನಮ್ಮವರು, ಯಾರು ನುಗ್ಗಿದವರು

ಜಿಲ್ಲೆಯಲ್ಲಿ ಕಾಣುವ ಅಳಿಲುಗಳಲ್ಲಿ ಮೂರನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತರೆ ಸಾಕು. ಕೆಂಗಂದು ಬೆನ್ನು, ತಿಳಿ ಬಣ್ಣದ ಹೊಟ್ಟೆ, ಮೈಗಿಂತ ಉದ್ದದ ಪೊದೆಬಾಲವಿರುವ ಕೆಂಜಳಿಲು ಎತ್ತರದ ಮರದ ಕವಲಿನಲ್ಲಿ ಕಡ್ಡಿ ಮತ್ತು ಎಲೆಗಳಿಂದ ಚೆಂಡಿನಂಥ ದೊಡ್ಡ ಗೂಡು ಕಟ್ಟುತ್ತದೆ, ಮತ್ತು ಒಂದೇ ಅಳಿಲು ಒಂದಕ್ಕಿಂತ ಹೆಚ್ಚು ಗೂಡುಗಳನ್ನು ಇಟ್ಟುಕೊಳ್ಳುತ್ತದೆ. ತೋಟದಲ್ಲಿ ಓಡಾಡುವ ಮೂರು ಗೆರೆಯ ಸಣ್ಣ ಅಳಿಲು ಎಲ್ಲರಿಗೂ ಗೊತ್ತು. ಮೂರನೆಯದು ರಾತ್ರಿ ಸಂಚರಿಸುವ ಹಾರುವ ಅಳಿಲು, ಅಂದರೆ ಹಳಬರು ಹೇಳುವ ಹಾರುಬೆಕ್ಕು. ಅದಕ್ಕೆ ಗೂಡಿಗಿಂತ ಹಳೆಯ ಮರದ ಪೊಟರೆ ಮುಖ್ಯ. ಆದುದರಿಂದ ಬೆಟ್ಟ ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಪೊಟರೆಬಿದ್ದ ಒಣಮರವನ್ನು ಕಡಿದು ಸೌದೆ ಮಾಡುವುದು ದೊಡ್ಡ ತಪ್ಪು.

ಹೊರಗಿನಿಂದ ಬಂದದ್ದೆಲ್ಲವೂ ಶತ್ರುವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಗೇರು, ಅನಾನಸು, ಮೆಣಸಿನಕಾಯಿ ಪೋರ್ಚುಗೀಸರ ಮೂಲಕ ಬಂದವು. ಅವು ನೆಟ್ಟಲ್ಲಿ ಇರುತ್ತವೆ. ನೆಡದೆಯೂ ಹಬ್ಬಿ, ಇದ್ದವರನ್ನು ಹೊರದಬ್ಬುವುದಕ್ಕೆ ಮಾತ್ರ ಆಕ್ರಮಣಕಾರಿ ಎಂಬ ಮಾತು ಸಲ್ಲುತ್ತದೆ. ನಮ್ಮ ಸೀಮೆಯಲ್ಲಿ ಈ ಪಟ್ಟಿಯ ತಲೆಯಲ್ಲಿರುವುದು ಲಂಟಾನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದದ್ದು. ಅದರ ಬೆನ್ನಿಗೆ ಯುಪಟೋರಿಯಂ, ಅಂದರೆ ಕಮ್ಯುನಿಸ್ಟ್ ಗಿಡ. ಮರವನ್ನೇ ಮುಸುಕು ಹಾಕಿ ಮುಚ್ಚುವ ಮೈಕೇನಿಯಾ ಬಳ್ಳಿ. ರಸ್ತೆಯಂಚಿನ ಕಾಂಗ್ರೆಸ್ ಗಿಡ. ಮತ್ತು ನಾವೇ ಸಾಲುಸಾಲಾಗಿ ನೆಟ್ಟ ಆಸ್ಟ್ರೇಲಿಯದ ಅಕೇಶಿಯಾ. ಕಾಂಗ್ರೆಸ್ ಗಿಡ ಬಿಸಿಲಿನ ಬಯಲಿನದ್ದು. ಕಾನಿನೊಳಗೆ, ಅಂದರೆ ದಟ್ಟ ಹಸಿರು ಕಾಡಿನೊಳಗೆ, ಅದರ ಆಟ ನಡೆಯುವುದಿಲ್ಲವಾದ್ದರಿಂದ ಅದರ ಹಿಂದೆ ಹೆಚ್ಚು ಶ್ರಮ ಹಾಕಬೇಕಿಲ್ಲ.

ಎರಡನೆಯ ಹಂತ: ಅನುಮತಿ ಮತ್ತು ಕಾಲ

ಮಾಲ್ಕಿ ಜಾಗದಲ್ಲಿ ಕಳೆ ಕೀಳಲು ಯಾರನ್ನೂ ಕೇಳಬೇಕಿಲ್ಲ. ಸೊಪ್ಪಿನಬೆಟ್ಟದಲ್ಲಿ ಹಾಗಲ್ಲ: ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸೌಲಭ್ಯ ನಮಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ), ಒಣಕಟ್ಟಿಗೆಗಳಿಗಾಗಿಯೇ ಹೊರತು ನೆಲ ಅರಣ್ಯ ಇಲಾಖೆಯದ್ದೇ. ಕಳೆ ಕೀಳುವ ಮೊದಲು ಅರಣ್ಯ ರಕ್ಷಕರಿಗೆ ತಿಳಿಸಿ, ಸಾಧ್ಯವಾದರೆ ಗ್ರಾಮ ಅರಣ್ಯ ಸಮಿತಿಯ ನಡಾವಳಿಯಲ್ಲಿ ಅದನ್ನು ಬರೆಸಿಕೊಳ್ಳುವುದು ಒಳ್ಳೆಯದು. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದಂಥಲ್ಲಿ ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ ಒಂದು ಗಿಡವನ್ನೂ ಮುಟ್ಟಬಾರದು.

ಕಾಲದ ಆಯ್ಕೆಯಲ್ಲಿ ಎರಡು ಸಂಗತಿಗಳು ಅದೃಷ್ಟವಶಾತ್ ಒಂದೇ ಕಡೆ ಬೆರಳು ತೋರಿಸುತ್ತವೆ. ಮಳೆಗಾಲದಲ್ಲಿ ಮಣ್ಣು ಸಡಿಲವಿದ್ದು ಬೇರು ಸುಲಭವಾಗಿ ಬರುತ್ತದೆ. ಯುಪಟೋರಿಯಂ ಮಳೆ ಕಳೆದು ಚಳಿಗಾಲದಲ್ಲಿ ಹೂಬಿಟ್ಟು ಬೇಸಿಗೆಯ ಗಾಳಿಗೆ ಬೀಜ ತೂರುತ್ತದೆ. ಇನ್ನೊಂದೆಡೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ಸೀಮೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಸಿದ್ದಾಪುರ ತಾಲೂಕಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿದೆ, ಮತ್ತು ಅದನ್ನು ಹರಡುವ ಉಣುಗುಗಳ ಕಾಟ ನವೆಂಬರಿನಿಂದ ಮೇ ತನಕ ಹೆಚ್ಚು. ಆದುದರಿಂದ ಮೆಳೆ ಕೀಳುವ ಕೆಲಸವನ್ನೆಲ್ಲ ಆಗಸ್ಟ್‌ನಿಂದ ಅಕ್ಟೋಬರಿನೊಳಗೆ, ಮಳೆ ಹೊಳವಾದ ದಿನಗಳಲ್ಲಿ ಮುಗಿಸಬೇಕು. ಆಗ ಉಂಬಳದ ಕಾಟವಿರುತ್ತದೆ ನಿಜ, ಆದರೆ ಉಂಬಳ ಕಚ್ಚಿದರೆ ಹೋಗುವುದು ನಾಲ್ಕು ಹನಿ ರಕ್ತ ಮಾತ್ರ. ಅನಿವಾರ್ಯವಾಗಿ ಬೇಸಿಗೆಯಲ್ಲಿ ಮೆಳೆಯೊಳಗೆ ಹೋಗಬೇಕಾದರೆ ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು, ಮೈಮುಚ್ಚುವ ಬಟ್ಟೆ ತೊಟ್ಟು, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಮೀಯಬೇಕು. ಹತ್ತಿರದಲ್ಲಿ ಮಂಗ ಸತ್ತುಬಿದ್ದಿದ್ದರೆ ಆ ವರ್ಷ ಆ ಬೆಟ್ಟದ ಕೆಲಸವನ್ನೇ ಕೈಬಿಟ್ಟು, ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಸರಿ.

ಮೂರನೆಯ ಹಂತ: ಇಪ್ಪತ್ತು ಅಡಿಯ ಹಗ್ಗ

ಕತ್ತಿ ಎತ್ತುವ ಮೊದಲು ಒಂದು ದಿನವನ್ನು ಬರಿಗೈಯಲ್ಲಿ ನಡೆಯಲು ಮೀಸಲಿಡಿ. ಒಂದು ನೋಟ್‌ಬುಕ್ಕು, 20 ಅಡಿ ಉದ್ದದ ಹಗ್ಗ, ಜೊತೆಗೊಬ್ಬರು ಇದ್ದರೆ ಸಾಕು. ಮೊದಲು ಕೆಂಜಳಿಲಿನ ಗೂಡಿರುವ ಮರಗಳನ್ನು ಗುರುತಿಸಿ, ಅಲ್ಲಿಂದ ಹಣ್ಣಿನ ಮರಗಳ ಕಡೆಗೆ ತಲೆಯೆತ್ತಿ ನಡೆಯುತ್ತ ಹೋಗಬೇಕು. ಎರಡು ಮರಗಳ ಕೊಂಬೆತುದಿಗಳು ಎಲ್ಲಿ ದೂರವಾಗುತ್ತವೆಯೋ ಅಲ್ಲಿ ಆ ತುದಿಗಳ ನೇರ ಕೆಳಗೆ ನೆಲದ ಮೇಲೆ ಹಗ್ಗ ಹಿಡಿದು ಅಳೆಯಿರಿ. ಹಗ್ಗ ಸಾಲದಿದ್ದರೆ ಅಲ್ಲಿ ಅಳಿಲಿನ ದಾರಿ ತುಂಡಾಗಿದೆ ಎಂದರ್ಥ, ಮತ್ತು ಆ ಜಾಗವೇ ನಿಮ್ಮ ಮೊದಲ ಕೆಲಸದ ಜಾಗ. ಬೆಟ್ಟದ ಮೂಲೆಯಲ್ಲಿ ಒಂಟಿಯಾಗಿ ಬೆಳೆದ ದೊಡ್ಡ ಲಂಟಾನದ ಮೆಳೆ ಕಣ್ಣಿಗೆ ಎಷ್ಟೇ ಕಿರಿಕಿರಿ ಮಾಡಿದರೂ ಅದರ ಸರದಿ ನಂತರದ್ದು.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಒಂದು ಬೇಸಿಗೆಯಲ್ಲಿ ನಮ್ಮ ಮಾಲ್ಕಿ ಬ್ಯಾಣಕ್ಕೆ (ಹುಲ್ಲುಗಾವಲಿಗೆ) ಜೆಸಿಬಿ ತರಿಸಿ, ಎರಡು ಎಕರೆ ಲಂಟಾನವನ್ನು ಒಂದೇ ದಿನದಲ್ಲಿ ಬೋಳಿಸಿ, ನೆಂಟರಿಷ್ಟರನ್ನು ಕರೆದು ತೋರಿಸಿದ್ದೆ. ಮಳೆ ಹಿಡಿದ ಮೇಲೆ ಮೇಲ್ಮಣ್ಣು ತೊಳೆದುಬಂದು ತೋಟದ ಕಾದಿಗೆ (ಬಸಿಗಾಲುವೆ) ತುಂಬಿಕೊಂಡಿತು. ದೀಪಾವಳಿಯ ಹೊತ್ತಿಗೆ ಅದೇ ಎರಡು ಎಕರೆಯಲ್ಲಿ ಯುಪಟೋರಿಯಂ ಎದೆಮಟ್ಟ ನಿಂತಿತ್ತು, ಅದರಡಿಯಲ್ಲಿ ಲಂಟಾನದ ಹೊಸ ಸಸಿಗಳು ಗೋಧಿ ಬಿತ್ತಿದಂತೆ ಎದ್ದಿದ್ದವು. ಮುಂದಿನ ವರ್ಷ ಎರಡು ಸಲ ಮರಳಿ ಹೋಗಿ ಕಿತ್ತು ಮುಗಿಸಲಾಗದಷ್ಟು ಜಾಗವನ್ನು ಈ ವರ್ಷ ತೆರವು ಮಾಡಬಾರದೆಂಬುದು ಆಗ ಕಲಿತ ಲೆಕ್ಕ. ಮನೆಮಂದಿಯೇ ಮಾಡುವ ಕೆಲಸವಾದರೆ ವರ್ಷಕ್ಕೆ ಹತ್ತು ಗುಂಟೆ ಧಾರಾಳ.

ನಾಲ್ಕನೆಯ ಹಂತ: ಕೀಳುವ ಕ್ರಮ

ಲಂಟಾನವನ್ನು ಸೊಂಟದೆತ್ತರದಲ್ಲಿ ಸವರಿದರೆ ಅದು ನಾಲ್ಕು ಪಟ್ಟು ಚಿಗುರುತ್ತದೆ, ಬೆಂಕಿ ಕೊಟ್ಟರೂ ಬುಡದಿಂದ ಮತ್ತೆ ಏಳುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ರೂಪಿಸಿದ ಬೇರುಬುಡ ಕತ್ತರಿಸುವ ವಿಧಾನ ಇದಕ್ಕೆ ತಕ್ಕ ಉತ್ತರ, ಮತ್ತು ಅದಕ್ಕೆ ಪಿಕಾಸಿ, ಕತ್ತಿ ಬಿಟ್ಟರೆ ಬೇರೇನೂ ಬೇಡ. ಮೊದಲು ಮೆಳೆಯೊಳಗೆ ಹಕ್ಕಿಯ ಗೂಡು, ಮೊಲದ ಮರಿ, ಹಾವು ಇಲ್ಲವೆಂದು ಕೋಲಿನಿಂದ ತಟ್ಟಿ ನೋಡಿ. ಆಮೇಲೆ ಹೊರಗಿನ ಟೊಂಗೆಗಳನ್ನು ಸವರಿ ಬುಡಕ್ಕೆ ದಾರಿ ಮಾಡಿಕೊಂಡು, ಬುಡದ ಸುತ್ತಲಿನ ದರಕು ಸರಿಸಿದರೆ, ಕಾಂಡ ಬೇರಾಗುವ ಜಾಗದಲ್ಲಿ ಒಂದು ಗಂಟು ಕಾಣುತ್ತದೆ. ಹೊಸ ಚಿಗುರು ಹೊರಡುವುದು ಅಲ್ಲಿಂದಲೇ. ಆ ಗಂಟಿನ ಕೆಳಗೆ, ಮಣ್ಣಿನೊಳಗೆ ಎರಡು ಬೆರಳಿನಷ್ಟು ಆಳದಲ್ಲಿ, ಪಿಕಾಸಿಯನ್ನು ಓರೆಯಾಗಿ ಹೊಡೆದು ತಾಯಿಬೇರನ್ನು ತುಂಡರಿಸಬೇಕು. ಸರಿಯಾದ ಪೆಟ್ಟು ಬಿದ್ದರೆ ಇಡೀ ಗಿಡ ಕೈಗೆ ಸಡಿಲವಾಗಿ ಬರುತ್ತದೆ. ಅದನ್ನು ನೆಲಕ್ಕೆ ಎಸೆಯದೆ ಬೇರು ಮೇಲಾಗಿ, ತಲೆ ಕೆಳಗಾಗಿ ಇನ್ನೊಂದು ಮೆಳೆಯ ಮೇಲೆ ಅಥವಾ ಕಲ್ಲಿನ ಮೇಲೆ ಒಣಗಲು ಬಿಡಿ, ಏಕೆಂದರೆ ಹಸಿ ಮಣ್ಣಿಗೆ ತಾಗಿದ ಗಿಡ ಮಳೆಗಾಲದಲ್ಲಿ ಮರಳಿ ಬೇರೂರಬಹುದು. ಕಪ್ಪು ಹಣ್ಣಿನ ಗೊಂಚಲುಗಳಿದ್ದರೆ ಅವನ್ನು ಮೊದಲೇ ಚೀಲಕ್ಕೆ ತೆಗೆದು ಸುಟ್ಟುಹಾಕಬೇಕು. ಕೊಟ್ಟಿಗೆಯ ಕಡೆಗೆ ಇದರ ಸೊಪ್ಪು ಹೋಗದಂತೆಯೂ ನೋಡಿಕೊಳ್ಳಿ. ಲಂಟಾನ ತಿಂದ ದನಕ್ಕೆ ಕಾಮಾಲೆ ಬರುತ್ತದೆ. ಒಣಗಿದ ಗಟ್ಟಿ ಕಾಂಡಗಳಿಂದ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕುರ್ಚಿ, ಮೇಜು, ಆನೆಯ ಪ್ರತಿಮೆಗಳನ್ನು ಮಾಡುತ್ತಾರೆ. ನಮ್ಮಲ್ಲಿ ಅದು ಬೇಲಿಗೂಟಕ್ಕಾದರೂ ಆದೀತು.

ಯುಪಟೋರಿಯಂ ಬೇರು ಆಳಕ್ಕಿಳಿಯುವುದಿಲ್ಲ. ಹೂವಿಗೆ ಬರುವ ಮೊದಲು ಬುಡಸಮೇತ ಎಳೆದು ಸೊಪ್ಪಿನ ಗೊಬ್ಬರಕ್ಕೆ ಹಾಕಬಹುದು. ಹೂ ಬಿಟ್ಟ ಗಿಡವನ್ನು ಎಂದಿಗೂ ಗೊಬ್ಬರಗುಂಡಿಗೆ ಹಾಕಬೇಡಿ, ಬೀಜ ಸೀದಾ ತೋಟಕ್ಕೆ ಹೋಗುತ್ತದೆ. ಮೈಕೇನಿಯಾದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದರ ಪ್ರತಿ ಗೆಣ್ಣೂ ನೆಲಕ್ಕೆ ತಾಗಿದರೆ ಹೊಸ ಬಳ್ಳಿಯಾಗುವುದರಿಂದ ಕತ್ತಿಯಿಂದ ಚೂರುಮಾಡಿದಷ್ಟೂ ಹೆಚ್ಚುತ್ತದೆ. ಮರದ ಮೇಲಿನ ಬಳ್ಳಿಯನ್ನು ಎಳೆಯಬೇಡಿ; ಬುಡದಲ್ಲಿ ಕತ್ತರಿಸಿ ಮೇಲಿನದ್ದು ಅಲ್ಲಿಯೇ ಒಣಗಲಿ, ಬೇರನ್ನೂ ನೆಲದ ಮೇಲಿನ ಬಳ್ಳಿಯನ್ನೂ ಸುರುಳಿ ಸುತ್ತಿ ಬಂಡೆಯ ಮೇಲೆ ಒಣಹಾಕಿ. ಕಳೆನಾಶಕದ ಮಾತನ್ನು ಇಲ್ಲಿ ಬೇಕೆಂದೇ ಎತ್ತಿಲ್ಲ. ನಮ್ಮ ಬೆಟ್ಟದ ನೀರು ತೋಟಕ್ಕೂ ಬಾವಿಗೂ ಇಳಿಯುತ್ತದೆ. ಸಿದ್ದಾಪುರದ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳ (ಜೌಗು ಕಾಡುಗಳ) ಹತ್ತಿರವಂತೂ ಕಪ್ಪೆಗಳಿರುವ ನೀರಿಗೆ ವಿಷ ಬೆರೆಸಿದಂತಾಗುತ್ತದೆ.

ಅಕೇಶಿಯಾದ ಮೇಲಿನ ಸಿಟ್ಟು ನ್ಯಾಯವಾದದ್ದೇ. ಹಣ್ಣಿಲ್ಲ, ದನ ಮೂಸದ ಎಲೆ, ಕೊಳೆಯದ ದರಕು. ಆದರೂ ಅದನ್ನು ಒಮ್ಮೆಲೇ ಕಡಿಸುವುದು ಅಳಿಲಿಗೆ ಒಳಿತಲ್ಲ. ಸುತ್ತ ಬೇರೆ ಮರವಿಲ್ಲದ ಕಡೆ ಎರಡು ಕಾನುಗಳ ನಡುವೆ ಕೆಂಜಳಿಲಿಗೆ ಸೇತುವೆಯಾಗಿರುವುದು ಅದೇ ಅಕೇಶಿಯಾ ಸಾಲು; ಮೇಲಾಗಿ ಕಡಿದ ಬಯಲಿನಲ್ಲಿ, ಅದರಲ್ಲೂ ಬೆಂಕಿ ಬಿದ್ದ ಮೇಲೆ, ಅದರ ಬೀಜ ದಂಡಿಯಾಗಿ ಮೊಳೆಯುತ್ತದೆ. ಮಾಲ್ಕಿ ಜಾಗದಲ್ಲಾದರೆ ಮೊದಲು ಅದರ ನೆರಳಿನಲ್ಲಿಯೇ ನಮ್ಮ ಸಸಿಗಳನ್ನು ಎಬ್ಬಿಸಿ, ಅವು ಆಳೆತ್ತರ ದಾಟಿದ ಮೇಲೆ, ಮರ ಕಡಿಯಲು ಬೇಕಾದ ಪರವಾನಿಗೆ ಪಡೆದು, ಮೂರು ಸಾಲಿಗೆ ಒಂದರಂತೆ ತೆಗೆಯುತ್ತ ಹೋಗಬೇಕು. ಕಾನಿಗೆ ಕಾನು ಕೂಡಿಸುವ ಸಾಲನ್ನು ಕಟ್ಟಕಡೆಗೆ ತೆಗೆಯಿರಿ.

ಐದನೆಯ ಹಂತ: ತೆರವಾದ ಜಾಗವನ್ನು ತುಂಬುವುದು

ಬೋಳು ನೆಲ ಮುಂದಿನ ಕಳೆಗೆ ಆಮಂತ್ರಣ. ಕಿತ್ತ ವಾರದೊಳಗೆ ನೆಲದ ಮೇಲೆ ದರಕು ಹೊದಿಸಿ, ತಾನಾಗಿ ಬಂದಿರುವ ಸಸಿಗಳನ್ನು ಹುಡುಕಿ ಪ್ರತಿಯೊಂದಕ್ಕೂ ಕೋಲು ಕಟ್ಟಿ. ಲಂಟಾನದಡಿಯಲ್ಲಿ ಸೊರಗಿ ನಿಂತಿದ್ದ ಮತ್ತಿ, ಸಳ್ಳೆ, ನೇರಳೆಗಳು ಬೆಳಕು ಕಂಡ ಎರಡು ಮಳೆಗಾಲದಲ್ಲಿ ಎದ್ದುಬರುವ ಪರಿ, ಕೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) ಬೆಳೆಸಿ ತಂದು ನೆಟ್ಟ ಗಿಡಕ್ಕೆ ಬಾರದು. ಬೇಗ ನೆರಳು ಬೇಕೆಂದರೆ ಚಂದಕಲನ್ನು ಬಿಡಬೇಕು. ಬೆಂಕಿಪೊಟ್ಟಣಕ್ಕೂ ಆಗದ ಮರವೆಂದು ನಾವು ಕಡಿದೊಗೆಯುವ ಅದೇ ಚಂದಕಲು ಕೆಲವೇ ವರ್ಷಗಳಲ್ಲಿ ಕೊಡೆ ಹಿಡಿದು ಲಂಟಾನದ ಬಿಸಿಲು ಕಿತ್ತುಕೊಳ್ಳುತ್ತದೆ.

ಅದರಡಿ ಮುಂದಿನ ಮಳೆಗೆ ನೆಡಬೇಕಾದವು ಹಲಸು, ಹೆಬ್ಬಲಸು, ವಾಟೆ, ಮುರುಗಲು, ಉಪ್ಪಾಗೆ, ರಾಮಪತ್ರೆ. ಮುರುಗಲು, ಉಪ್ಪಾಗೆಗಳಿಂದ ಮನೆಗೂ ನಾಲ್ಕು ಕಾಸು ಬರುವುದರಿಂದ ಮುಂದಿನ ತಲೆಮಾರು ಅವನ್ನು ಕಡಿಯುವ ಮೊದಲು ಎರಡು ಸಲ ಯೋಚಿಸುತ್ತದೆ. ಉಪ್ಪಾಗೆಯ ಬೀಜ ಮೊಳೆಯಲು ತಿಂಗಳುಗಟ್ಟಲೆ ಕಾಯಿಸುತ್ತದೆ, ಸತ್ತಿತೆಂದು ಮಡಿ ಕೆದರಬೇಡಿ. ಅತ್ತಿ, ಬಸರಿ, ಗೋಳಿಗಳ ಮೊಣಕೈ ದಪ್ಪದ ಟೊಂಗೆಗಳನ್ನು ಮೊದಲ ಮಳೆಗೆ ಗೂಟದಂತೆ ನೆಟ್ಟರೆ ಸಾಕು. ಬೇರೆ ಹಣ್ಣಿಲ್ಲದ ತಿಂಗಳುಗಳಲ್ಲಿ ಅಳಿಲು, ಮಂಗಟ್ಟೆ, ಸಿಂಗಳೀಕಗಳ ಹೊಟ್ಟೆ ಹೊರೆಯುವುದು ಇವೇ. ಸಸಿಗಳ ನಡುವೆ ಹತ್ತು ಅಡಿ ಇರಲಿ. ಅವು ಬೆಳೆಯುವ ತನಕ ಹಗ್ಗದ ಅಳತೆ ಮೀರಿದ ಜಾಗಗಳಲ್ಲಿ, ಮರದಿಂದ ಮರಕ್ಕೆ ಉದ್ದ ಬಿದಿರು ಕಟ್ಟಿ ತಾತ್ಕಾಲಿಕ ಸಾರ ಮಾಡಬಹುದು. ತಮಿಳುನಾಡಿನ ವಾಲ್ಪಾರೈಯಲ್ಲಿ ರಸ್ತೆಯ ಮೇಲೆ ಸಿಂಗಳೀಕಗಳಿಗಾಗಿ ಇಂಥ ಮರಸೇತುವೆಗಳನ್ನು ಕಟ್ಟಲಾಗಿದೆ.

ಆರನೆಯ ಹಂತ: ನಮ್ಮದೇ ನಾಯಿ, ಬೆಕ್ಕು

ಅಳಿಲಿನ ದೃಷ್ಟಿಯಿಂದ ನೋಡಿದರೆ ಊರನಾಯಿಯೂ ಹೊರಗಿನಿಂದ ಬಂದ ಬೇಟೆಗಾರನೇ. ತೋಟದ ನಾಯಿಯನ್ನು ರಾತ್ರಿ ಮತ್ತು ಬೆಳಗಿನ ಜಾವ ಕಟ್ಟಿಹಾಕಿ, ಹೊಟ್ಟೆತುಂಬ ಹಾಕಿ, ರೇಬೀಸ್ ಜೊತೆಗೆ ಡಿಸ್ಟೆಂಪರ್ ಲಸಿಕೆಯನ್ನೂ ಕೊಡಿಸಬೇಕು; ಎರಡನೆಯ ರೋಗ ಕಾಡಿನ ಕೆನ್ನಾಯಿ, ನರಿಗಳಿಗೂ ದಾಟುತ್ತದೆ. ಮರಿಗಳನ್ನು ಗೋಣಿಯಲ್ಲಿ ತುಂಬಿ ಘಟ್ಟದ ತಿರುವಿನಲ್ಲಿ ಬಿಟ್ಟುಬರುವ ರೂಢಿ ನಿಲ್ಲಬೇಕು, ಸಂತಾನಹರಣ ಚಿಕಿತ್ಸೆ ಪಶು ಆಸ್ಪತ್ರೆಯಲ್ಲಿ ಕೇಳಿ ಮಾಡಿಸಬಹುದಾದ ಕೆಲಸ. ನಾಯಿ ಕಚ್ಚಿದ ಅಳಿಲು ಸಿಕ್ಕರೆ ಹಾಲು ಕುಡಿಸಲು ಹೋಗದೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆ ಮಾಡಿಟ್ಟು, ಅರಣ್ಯ ಕಚೇರಿಗೆ ತಿಳಿಸಿ.

ಏಳನೆಯ ಹಂತ: ಕೆರೆ, ಬಾವಿ, ತೋಟದ ತಂಪು

ನೀರಿಗೆ ಬಿಟ್ಟದ್ದನ್ನು ಮರಳಿ ಹಿಡಿಯಲಾಗದು, ಆದ್ದರಿಂದ ಇಲ್ಲಿ ಬಿಡದಿರುವುದೇ ಉಪಾಯ. ಸೊಳ್ಳೆಗೆಂದು ಬಿಡುವ ಗ್ಯಾಂಬೂಸಿಯಾ ಮೀನು ಕಪ್ಪೆಯ ಗೊದ್ದವನ್ನೂ ತಿನ್ನುತ್ತದೆ. ಆ ಕೆಲಸಕ್ಕೆ ತಲೆಯ ಮೇಲೆ ಬಿಳಿಚುಕ್ಕೆ ಹೊಳೆಯುವ ನಮ್ಮ ಹಳ್ಳದ ಪುಟ್ಟ ಮೀನೇ ಸಾಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧವಿದ್ದರೂ ಹೊಂಡಗಳಲ್ಲಿ ಅದು ಸಿಗುತ್ತದೆ, ನೆರೆ ಬಂದರೆ ಹೊಳೆ ಸೇರುತ್ತದೆ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಮುದ್ದಾದ ಆಮೆಮರಿ, ಅಂಗಡಿಯ ಅಕ್ವೇರಿಯಂ ಮೀನು ಮನೆಯಲ್ಲಿ ಸಾಕಾದ ದಿನ ಕೆರೆಗೆ ಹೋಗಬಾರದು. ಕೊಂಡ ಅಂಗಡಿಗೇ ಒಪ್ಪಿಸಿ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಕ್ರಮಣಕಾರಿ ಹೊರಪ್ರಭೇದಗಳ ಆಮದು, ಮಾರಾಟ, ಸಾಕಣೆಗಳನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.

ಆಫ್ರಿಕದ ದೈತ್ಯ ಬಸವನಹುಳು ಕಂಡರೆ ಸಂಜೆ ಪಪ್ಪಾಯಿ ಎಲೆ ಹಾಕಿದ ಒದ್ದೆ ಗೋಣಿಚೀಲವನ್ನು ತೋಟದಲ್ಲಿ ಹಾಸಿ, ಬೆಳಿಗ್ಗೆ ಅದರಡಿ ಸೇರಿದವನ್ನು ಕೈಗವಸು ಹಾಕಿಕೊಂಡು ಆರಿಸಿ, ಗಾಢ ಉಪ್ಪುನೀರಿನಲ್ಲಿ ಮುಳುಗಿಸಿ ಹೂಳಬೇಕು. ಬರಿಗೈಯಿಂದ ಮುಟ್ಟಬೇಡಿ, ಮನುಷ್ಯರ ಮಿದುಳಿನ ಪೊರೆಗೆ ಉರಿಯೂತ ತರುವ ಜಂತು ಅದರಲ್ಲಿರಬಹುದು. ನಮ್ಮ ಕಾಡಿನ ಸಣ್ಣ ಬಸವನಹುಳುಗಳನ್ನು ಅದರ ಜೊತೆ ಸೇರಿಸಿ ಕೊಲ್ಲಬಾರದು.

ಎಂಟನೆಯ ಹಂತ: ಘಟ್ಟದ ಕೆಳಗೆ

ಕಾರವಾರ, ಹೊನ್ನಾವರದ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಚಳಿಗಾಲದಲ್ಲಿ ಮೊಟ್ಟೆಯಿಡಲು ಬರುತ್ತವೆ. ಅಲ್ಲಿನ ಗಾಳಿಮರದ ತೋಪುಗಳಿಗೆ ಒಂದೂವರೆ ಶತಮಾನದ ಇತಿಹಾಸವಿದೆ, ನಿಂತಿರುವುದನ್ನು ಕಡಿಯಬೇಕೆಂದು ನಾನು ಹೇಳಲಾರೆ. ಆದರೆ ಅಲೆಯ ಗೆರೆಯ ಹತ್ತಿರದ ಮರಳಿನಲ್ಲಿ ಹೊಸ ಸಾಲು ನೆಡಬಾರದು, ಅದರ ಬೇರಿನ ಜಾಲದಲ್ಲಿ ಆಮೆಗೆ ಗುಂಡಿ ತೋಡಲಾಗದು. ಅಲ್ಲಿ ಆಡಿನ ಗೊರಸಿನಂಥ ಎಲೆಯ ಅಡುಂಬಿನ ಬಳ್ಳಿ ತಾನಾಗಿ ಹಬ್ಬಲಿ, ಹಿಂದಕ್ಕೆ ಕೇದಗೆ, ಸುರಹೊನ್ನೆ ಬರಲಿ. ಮೀನಿನ ಕಸ ದಡದಲ್ಲಿ ಎಸೆದರೆ ನಾಯಿಗಳು ಅಲ್ಲಿಯೇ ಬೀಡುಬಿಟ್ಟು ಆಮೆಯ ಗೂಡನ್ನೂ ಬಗೆಯುತ್ತವೆ. ಮನೆಯಂಗಳದ ಹಳದಿ ಹೂವಿನ ಸಿಂಗಾಪುರ ಡೇಸಿಯನ್ನು ಗದ್ದೆಬದುವಿಗೆ, ಹೊಳೆದಂಡೆಗೆ ಎಸೆಯಬೇಡಿ, ಬಿದ್ದ ತುಂಡೆಲ್ಲ ಬೇರೂರುತ್ತದೆ.

ಒಂಬತ್ತನೆಯ ಹಂತ: ಮರಳಿ ಹೋಗುವುದು

ತೆರವು ಮಾಡಿದ ತುಂಡಿಗೆ ಮೂರು ವರ್ಷ, ವರ್ಷಕ್ಕೆರಡು ಸಲ ಹೋಗಬೇಕು: ಜುಲೈಯಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಇನ್ನೊಮ್ಮೆ. ಮೊದಲು ನೋಡಬೇಕಾದದ್ದು ಒಂಟಿಮರಗಳ ಅಡಿ. ಪಿಕಳಾರಗಳು ಲಂಟಾನದ ಹಣ್ಣು ತಿಂದು ಅಲ್ಲಿ ಕುಳಿತು ಹಿಕ್ಕೆ ಹಾಕುವುದರಿಂದ ಹೊಸ ಸಸಿಗಳು ಮೊದಲು ಏಳುವುದು ಅಲ್ಲಿಯೇ, ಮತ್ತು ಗೇಣುದ್ದದ ಸಸಿಯನ್ನು ಎರಡೇ ಬೆರಳಿನಲ್ಲಿ ಕೀಳಬಹುದು. ಹೊರಗಿನಿಂದ ತರಿಸುವ ಮಣ್ಣು, ಮರಳು, ಗೊಬ್ಬರದ ರಾಶಿಯನ್ನು ಬೆಟ್ಟದ ಹತ್ತಿರ ಸುರಿಸದೆ ಮನೆಯ ಬಳಿಯೇ ಹಾಕಿಸಿ, ಅದರ ಮೇಲೆ ಏನು ಮೊಳೆಯುತ್ತದೆಂದು ಒಂದು ಮಳೆ ನೋಡಿ. ಹೊಸದೇನಾದರೂ ಕಂಡರೆ ಫೋಟೋ ತೆಗೆದು ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ತೋರಿಸಿ. ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿಯೂ ಅದು ಸೇರಲಿ.

ಡಿಸೆಂಬರಿನಲ್ಲಿ ದಾರಿಯ ಮೇಲೆಯೇ ನಿಂತು, ಸಾಧ್ಯವಾದರೆ ದುರ್ಬೀನಿನಿಂದ, ಗೂಡುಗಳನ್ನು ಎಣಿಸಿ. ಹಸಿರೆಲೆ ಸೇರಿಸಿದ ಗೂಡು ಬಳಕೆಯಲ್ಲಿದೆ. ಬರೀ ಒಣಕಡ್ಡಿಯದ್ದು ಹಳೆಯದಿರಬಹುದು, ಆದರೂ ಅದನ್ನು ಬೀಳಿಸಬೇಡಿ. ಯಾವ ಮರ, ಯಾವ ಕವಲು, ಎಷ್ಟು ಗೂಡು ಎಂಬುದನ್ನು ಬರೆದಿಟ್ಟು, ಹಿಂದಿನ ವರ್ಷ ಹಗ್ಗ ಸಾಲದ ಜಾಗಗಳನ್ನು ಅದೇ ಹಗ್ಗದಿಂದ ಮತ್ತೆ ಅಳೆಯಿರಿ. ನಮ್ಮ ಮತ್ತಿಮರಕ್ಕೂ ಹಲಸಿನ ಮರಕ್ಕೂ ನಡುವೆ ಈಗ ಎರಡು ಚಂದಕಲು, ಒಂದು ವಾಟೆ ನಿಂತಿವೆ. ಕಳೆದ ಸಲ ಅಳೆದಾಗ ಹಗ್ಗದಲ್ಲಿ ಮೂರು ಅಡಿ ಉಳಿದಿತ್ತು.